ಹಳೆಯ ಸೇನಾ ರೈಫಲು ಮತ್ತು ಅದಕ್ಕೆ ತಕ್ಕ ತೋಟಾ: ಪರವಾನಗಿದಾರರಿಗೆ ಹಾಗೂ ಅರ್ಜಿದಾರರಿಗೆ ಮಾಹಿತಿ

ಪೀಠಿಕೆ

ರಾಜ್ಯದ ಕೆಲವು ಮನೆತನಗಳಲ್ಲಿ ಹಿಂದಿನ ತಲೆಮಾರಿನಿಂದ ಬಂದ ರೈಫಲುಗಳು ಪರವಾನಗಿಯ ಮೇಲೆ ಇರುತ್ತವೆ. ಇವುಗಳಲ್ಲಿ ಕೆಲವು ಮೂಲತಃ ಯಾವುದೋ ಸೇನೆಗಾಗಿ ತಯಾರಾಗಿ, ಯುದ್ಧದ ನಂತರ ಹೆಚ್ಚುವರಿ ಎಂದು ವಿಲೇವಾರಿಯಾದಂಥವು. ಇನ್ನು ಕೆಲವು ಸೇನಾ ರೈಫಲಿನ ಯಂತ್ರಭಾಗವನ್ನೇ ಆಧರಿಸಿ ನಾಗರಿಕರಿಗಾಗಿ ತಯಾರಾದಂಥವು. ಆಯುಧಪೂಜೆಯಂದೋ, ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದೋ ಹೊರಬರುವ ಇಂತಹ ರೈಫಲನ್ನು ಗುರಿ ಅಭ್ಯಾಸಕ್ಕೆ ಬಳಸಲು ಹೊರಟಾಗ ಅನೇಕರಿಗೆ ಒಂದೇ ತೊಂದರೆ ಎದುರಾಗುತ್ತದೆ. ಒಂದು ಪೆಟ್ಟಿಗೆಯ ತೋಟಾಗಳಲ್ಲಿ ಸರಿಯಾಗಿ ಬಿದ್ದ ಪೆಟ್ಟು ಇನ್ನೊಂದು ಪೆಟ್ಟಿಗೆಯಲ್ಲಿ ಗೇಣುದ್ದ ಆಚೆ ಬೀಳುತ್ತದೆ. ರೈಫಲು ಕೆಟ್ಟಿದೆ ಎಂದು ತಿಳಿದು ಕೆಲವರು ನಳಿಕೆ ಬದಲಿಸಲು ಅರ್ಜಿ ಸಲ್ಲಿಸುತ್ತಾರೆ. ಕೆಲವರು ಕೈಗೆ ಸಿಕ್ಕ ಬೇರೆ ತೋಟಾವನ್ನು ಪ್ರಯೋಗಿಸಿ ಅಪಾಯಕ್ಕೆ ಒಳಗಾಗುತ್ತಾರೆ.

ಇಂತಹ ಸಂದರ್ಭಗಳಲ್ಲಿ ದೋಷವು ಬಹುಮಟ್ಟಿಗೆ ರೈಫಲಿನದೂ ಅಲ್ಲ, ತೋಟಾದ್ದೂ ಅಲ್ಲ, ಎರಡರ ಹೊಂದಾಣಿಕೆಯದು. ನಳಿಕೆಯ ಮೇಲೆ ಕೊರೆದಿರುವ ಬೋರ್ ಸಂಖ್ಯೆಯು ಒಂದು ಹೆಸರು ಮಾತ್ರ, ಅಳತೆಯಲ್ಲ. ಅದೇ ನಳಿಕೆಯ ನಿಜವಾದ ಅಳತೆಯನ್ನು ತಿಳಿದು, ಯಾವ ಗುಂಡಿಗಾಗಿ ಅದು ನಿರ್ಮಿತವಾಯಿತೋ ಅದಕ್ಕೆ ಸಮೀಪವಾದ ತೋಟಾವನ್ನು ಆರಿಸಿದಲ್ಲಿ ಮಾತ್ರ ನಿಖರತೆ ದೊರೆಯುತ್ತದೆ. ಬಳಸುವವನ ಕಣ್ಣು ಕೈಗಳ ಸುರಕ್ಷತೆಯೂ ಇದೇ ಅಳತೆಯನ್ನು ಅವಲಂಬಿಸಿದೆ. ಈ ವಿಷಯವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಕೆಳಗೆ ವಿವರಿಸಲಾಗಿದೆ.

1. ಮೊದಲು ತಿಳಿಯಬೇಕಾದ ಕಾನೂನಿನ ಮಿತಿ

ಆಯುಧಗಳ ಅಧಿನಿಯಮ 1959 ಹಾಗೂ ಆಯುಧಗಳ ನಿಯಮಗಳು 2016ರ ಪ್ರಕಾರ .303 ಮತ್ತು 7.62 ಮಿ.ಮೀ. ಸೇನಾ ತೋಟಾಗಳನ್ನು ಹಾರಿಸಬಲ್ಲ ರೈಫಲುಗಳು ನಿಷೇಧಿತ ಬೋರಿನ ವರ್ಗಕ್ಕೆ ಸೇರಿವೆ. ಕೇಂದ್ರ ಸರ್ಕಾರದ ವಿಶೇಷ ಅಧಿಕೃತ ಅನುಮತಿ ಇಲ್ಲದೆ ಇವುಗಳನ್ನಾಗಲಿ, ಇವುಗಳ ತೋಟಾಗಳನ್ನಾಗಲಿ ಹೊಂದುವಂತಿಲ್ಲ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ ಮುಂತಾದ ದೇಶಗಳಲ್ಲಿ .303 ಲೀ-ಎನ್‌ಫೀಲ್ಡ್ ರೈಫಲನ್ನು ಅಲ್ಲಿನ ಕಾನೂನಿಗೆ ಒಳಪಟ್ಟು ನಾಗರಿಕರು ಗುರಿ ಸ್ಪರ್ಧೆಗೆ ಬಳಸುವುದುಂಟು. ಭಾರತದಲ್ಲಿ ಅದಕ್ಕೆ ಅವಕಾಶವಿಲ್ಲ.

ಭಾರತದಲ್ಲಿ ಸಾಮಾನ್ಯ ಪರವಾನಗಿಯ ಮೇಲೆ ಕಂಡುಬರುವ ದೊಡ್ಡ ಬೋರಿನ ರೈಫಲುಗಳಲ್ಲಿ ಎರಡು ಮುಖ್ಯವಾದವು. ಒಂದು, .315 ಬೋರಿನ ರೈಫಲು. ಇಛಾಪುರದ ರೈಫಲ್ ಕಾರ್ಖಾನೆಯಲ್ಲಿ ತಯಾರಾದ ಇದರ ಬೋಲ್ಟ್ ಮತ್ತು ಚೌಕಟ್ಟು ಲೀ-ಎನ್‌ಫೀಲ್ಡ್ ಸೇನಾ ರೈಫಲಿನ ಮಾದರಿಯವು. ಎರಡನೆಯದು, 30-06 ಬೋರಿನ ರೈಫಲು. ಅಮೆರಿಕದ ಸೇನೆಯು ಎರಡೂ ಮಹಾಯುದ್ಧಗಳಲ್ಲಿ ಬಳಸಿದ ಬೋರ್ ಇದು. ಎಂ1903 ಸ್ಪ್ರಿಂಗ್‌ಫೀಲ್ಡ್ ಮತ್ತು ಎಂ1917 ರೈಫಲುಗಳು ಈ ಬೋರಿನವು. ಈ ಲೇಖನದ ವಿವರಣೆಯು ಮುಖ್ಯವಾಗಿ ಈ ಎರಡು ಬೋರುಗಳಿಗೆ ಸಂಬಂಧಿಸಿದೆ.

ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ನೀಡಲಾಗಿರುವ ವಿನಾಯಿತಿಯನ್ನು 2019ರಲ್ಲಿ ಕೇಂದ್ರ ಸರ್ಕಾರವು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. ಈ ವಿನಾಯಿತಿಯು ಪರವಾನಗಿಗೆ ಸಂಬಂಧಿಸಿದ್ದೇ ಹೊರತು ನಳಿಕೆಯ ಮತ್ತು ತೋಟಾದ ಹೊಂದಾಣಿಕೆಗೆ ಸಂಬಂಧಿಸಿದ್ದಲ್ಲ. ಕೆಳಗಿನ ಎಚ್ಚರಿಕೆಗಳು ಎಲ್ಲರಿಗೂ ಸಮಾನವಾಗಿ ಅನ್ವಯಿಸುತ್ತವೆ.

2. ಬೋರ್ ಎಂಬುದು ಹೆಸರು, ಅಳತೆಯಲ್ಲ

ರೈಫಲಿನ ನಳಿಕೆಯ ಒಳಮೈಯಲ್ಲಿ ಸುರುಳಿಯಾಕಾರದ ತೋಡುಗಳು ಇರುತ್ತವೆ. ತೋಡುಗಳ ನಡುವೆ ಎದ್ದು ನಿಂತ ಭಾಗವನ್ನು ಏಣು ಎನ್ನಬಹುದು. ಎದುರುಬದುರಿನ ಏಣುಗಳ ನಡುವಿನ ಅಂತರವು ಒಂದು ಅಳತೆ. ತೋಡುಗಳ ತಳದಿಂದ ತಳಕ್ಕೆ ಇರುವ ಅಂತರವು ಇನ್ನೊಂದು ಅಳತೆ. ಬೋರಿನ ಹೆಸರು ಸಾಮಾನ್ಯವಾಗಿ ಮೊದಲನೆಯದರಿಂದ ಬಂದಿದೆ. ಆದರೆ ಗುಂಡು ನಳಿಕೆಯಲ್ಲಿ ಬಿಗಿಯಾಗಿ ಕುಳಿತು, ಹಿಂದಿನ ಅನಿಲವು ಸೋರದಂತೆ ತಡೆದು, ಸುತ್ತುತ್ತಾ ಹೊರಬೀಳಲು ಎರಡನೆಯ ಅಳತೆಯೇ ಮುಖ್ಯ.

ಉದಾಹರಣೆಗೆ, .303 ಎಂದರೆ 7.70 ಮಿ.ಮೀ. ಆದರೂ ಅದರ ಗುಂಡಿನ ವ್ಯಾಸ ಸುಮಾರು .311 ಅಂಗುಲ, ಅಂದರೆ 7.90 ಮಿ.ಮೀ. ಅದೇ ರೀತಿ .315 ಎಂದರೆ 8.00 ಮಿ.ಮೀ.; ಅದರ ಗುಂಡಿನ ವ್ಯಾಸ .323 ಅಂಗುಲ, ಅಂದರೆ 8.20 ಮಿ.ಮೀ. 30-06ರ ಗುಂಡಿನ ವ್ಯಾಸ .308 ಅಂಗುಲ, ಅಂದರೆ 7.82 ಮಿ.ಮೀ. ಈ ಹೆಸರಿನಲ್ಲಿರುವ ‘06’ ಎಂಬುದು ಅಳತೆಯೇ ಅಲ್ಲ. ಸದರಿ ತೋಟಾ ಅಂಗೀಕೃತವಾದ 1906ನೆಯ ಇಸವಿಯ ಗುರುತು.

.315 ಬೋರಿನ ಹಿನ್ನೆಲೆ ಗಮನಾರ್ಹವಾದುದು. ಇದು ಆಸ್ಟ್ರಿಯಾ-ಹಂಗೇರಿಯ ಸೇನೆ ಬಳಸಿದ 8×50 ಆರ್ ಮ್ಯಾನ್‌ಲಿಷರ್ ತೋಟಾ. ಬ್ರಿಟಿಷ್ ಆಳ್ವಿಕೆಯಲ್ಲಿ .303 ಬೋರನ್ನು ಖಾಸಗಿಯವರಿಗೆ ನಿಷೇಧಿಸಿದಾಗ, ಸೇನೆಯ ತೋಟಾ ಬಳಸಲಾಗದಂತಹ ಬೋರಿನಲ್ಲಿ ಅದೇ ಮಾದರಿಯ ರೈಫಲುಗಳು ತಯಾರಾದವು. ಹೀಗೆ ಯಂತ್ರಭಾಗ ಒಂದು ಸೇನೆಯದು, ತೋಟಾ ಇನ್ನೊಂದು ಸೇನೆಯದು ಎಂಬಂತಹ ರೈಫಲು ಭಾರತದಲ್ಲಿ ರೂಢಿಗೆ ಬಂದಿತು. ಇದನ್ನು ಕೆಲವೆಡೆ ‘ಎಂಟು ಎಂ.ಎಂ.’ ಎಂದೂ ಕರೆಯುವುದುಂಟು. ಈ ಹೆಸರೇ ಗೊಂದಲಕ್ಕೆ ಎಡೆಮಾಡಿಕೊಡುತ್ತದೆ. ಜರ್ಮನಿಯ 8×57 ಮೌಸರ್ ತೋಟಾ ಸಹ ‘ಎಂಟು ಎಂ.ಎಂ.’ ಎಂದೇ ಪ್ರಸಿದ್ಧ. ಆದರೆ ಅದರ ಕೋಶದ ಉದ್ದ, ಆಕಾರ ಮತ್ತು ಒತ್ತಡ ಬೇರೆ. ಆ ಜರ್ಮನ್ ತೋಟಾದಲ್ಲಿಯೇ ಎರಡು ಬಗೆಗಳಿವೆ. 1888ರ ಮಾದರಿಯ ಗುಂಡು .318 ಅಂಗುಲದ್ದಾದರೆ ನಂತರ ಬಂದದ್ದು .323 ಅಂಗುಲದ್ದು. ಹಳೆಯ ಕಿರಿದಾದ ನಳಿಕೆಯಲ್ಲಿ ಹೊಸ ದಪ್ಪ ಗುಂಡನ್ನು ಹಾರಿಸುವುದು ಅಪಾಯಕಾರಿ. ಆದುದರಿಂದ ತೋಟಾ ಕೊಳ್ಳುವಾಗ ಬೋರಿನ ರೂಢಿಯ ಹೆಸರನ್ನಷ್ಟೇ ಹೇಳದೆ, ತೋಟಾದ ಪೂರ್ಣ ಹೆಸರು ಮತ್ತು ಕೋಶದ ಉದ್ದವನ್ನು ಪರಿಶೀಲಿಸತಕ್ಕದ್ದು.

3. ಸೇನಾ ರೈಫಲು ಒಂದೇ ತೋಟಾಕ್ಕಾಗಿ ನಿರ್ಮಿತವಾದುದು

ಬೇಟೆಯ ಅಥವಾ ಸ್ಪರ್ಧೆಯ ರೈಫಲನ್ನು ಹಲವು ಬಗೆಯ ತೋಟಾಗಳಿಗೆ ಹೊಂದುವಂತೆ ರೂಪಿಸಲಾಗುತ್ತದೆ. ಸೇನಾ ರೈಫಲು ಹಾಗಲ್ಲ. ಸೇನೆಯು ಒಂದು ಗುಂಡನ್ನು ನಿರ್ಧರಿಸಿ, ಅದರ ತೂಕ ಮತ್ತು ವೇಗಕ್ಕೆ ತಕ್ಕಂತೆ ಗುರಿಪಟ್ಟಿಯ ಗುರುತುಗಳನ್ನು ಕೊರೆಸುತ್ತದೆ. ಗುಂಡು ಬದಲಾದರೆ ಗುರಿಪಟ್ಟಿಯ ಗುರುತುಗಳು ಸುಳ್ಳಾಗುತ್ತವೆ.

ಬ್ರಿಟಿಷ್ ಸೇನೆಯ .303 ತೋಟಾದಲ್ಲಿ ಮೊದಲು 215 ಗ್ರೇನ್ (ಸುಮಾರು 13.9 ಗ್ರಾಂ) ತೂಕದ ಉರುಟು ಮೂತಿಯ ಗುಂಡು ಇತ್ತು. 1910ರಲ್ಲಿ ಬಂದ ಏಳನೆಯ ಮಾದರಿಯಲ್ಲಿ 174 ಗ್ರೇನ್ (11.3 ಗ್ರಾಂ) ತೂಕದ ಚೂಪು ಮೂತಿಯ ಗುಂಡು ಸೆಕೆಂಡಿಗೆ 2440 ಅಡಿ ವೇಗದಲ್ಲಿ ಹೊರಡುವಂತಾಯಿತು. ಹಗುರವಾದ, ವೇಗವಾದ ಈ ಗುಂಡಿನ ಪಥವೇ ಬೇರೆಯಾದುದರಿಂದ ಬಳಕೆಯಲ್ಲಿದ್ದ ರೈಫಲುಗಳ ಗುರಿಪಟ್ಟಿಗಳನ್ನು ಹೊಂದಿಸಬೇಕಾಯಿತು.

ಅಮೆರಿಕದಲ್ಲಿಯೂ ಹೀಗೆಯೇ ಆಯಿತು. 1903ರ ರೈಫಲು 220 ಗ್ರೇನ್ ಗುಂಡಿಗಾಗಿ ನಿರ್ಮಿತವಾಗಿತ್ತು. 1906ರಲ್ಲಿ 150 ಗ್ರೇನ್ (9.7 ಗ್ರಾಂ) ಚೂಪು ಗುಂಡು ಬಂದಾಗ ಆ ರೈಫಲುಗಳ ತೋಟಾ ಕೋಣೆಯನ್ನೂ ಗುರಿಪಟ್ಟಿಯನ್ನೂ ಬದಲಿಸಲಾಯಿತು. ಮೊದಲ ಮಹಾಯುದ್ಧದ ಅನುಭವದ ನಂತರ, ದೂರದ ಹಾರಾಟಕ್ಕಾಗಿ ಹಿಂಭಾಗ ಕಿರಿದಾದ, ದೋಣಿಯ ಬಾಲದಂತಹ ಆಕಾರದ, ಸುಮಾರು 174 ಗ್ರೇನ್ ತೂಕದ ಗುಂಡನ್ನು ಜಾರಿಗೆ ತರಲಾಯಿತು. ಈ ಗುಂಡು ಅಭ್ಯಾಸದ ಮೈದಾನಗಳ ಸುರಕ್ಷತಾ ಮಿತಿಯನ್ನೂ ದಾಟಿ ಹೋಗುತ್ತಿದ್ದುದರಿಂದ ಎರಡನೆಯ ಮಹಾಯುದ್ಧದ ವೇಳೆಗೆ ಮತ್ತೆ ಸಪಾಟು ಬುಡದ, ಸುಮಾರು 150 ಗ್ರೇನ್ ತೂಕದ ಗುಂಡಿಗೆ ಮರಳಲಾಯಿತು. ಒಂದೇ ‘30-06’ ಎಂಬ ಹೆಸರಿನಡಿ ಇಷ್ಟೊಂದು ಬಗೆಯ ಗುಂಡುಗಳು ಇರುವುದನ್ನು ಪರವಾನಗಿದಾರರು ಗಮನಿಸಬೇಕು.

ಇದರ ಜೊತೆಗೆ, ಸೇನೆಯ ಗುರಿಪಟ್ಟಿಯ ಅತಿ ಕೆಳಗಿನ ಗುರುತು ಸಹ ದೂರದ ಗುರಿಗಾಗಿ ಇರುವುದುಂಟು. ಎಂ1903 ರೈಫಲಿನ ಯುದ್ಧ ಗುರಿಪಟ್ಟಿಯನ್ನು 547 ಗಜ, ಅಂದರೆ ಸುಮಾರು 500 ಮೀಟರಿಗೆ ಹೊಂದಿಸಲಾಗಿತ್ತು. ಅಂತಹ ಗುರಿಪಟ್ಟಿಯಿಂದ 100 ಮೀಟರಿನ ಗುರಿಗೆ ಹೊಡೆದಾಗ ಪೆಟ್ಟು ಗಮನಾರ್ಹವಾಗಿ ಮೇಲೆ ಬೀಳುವುದು ಸಹಜ. ಇದು ರೈಫಲಿನ ದೋಷವಲ್ಲ. ಪೆಟ್ಟು ಮೇಲೆ ಬೀಳುವುದು ಬೇರೆ, ಪೆಟ್ಟುಗಳು ಚದುರಿ ಬೀಳುವುದು ಬೇರೆ. ಮೊದಲನೆಯದನ್ನು ಗುರಿಪಟ್ಟಿಯಿಂದ ಸರಿಪಡಿಸಬಹುದು. ಎರಡನೆಯದಕ್ಕೆ ಹೊಂದಾಣಿಕೆಯ ಪರಿಶೀಲನೆ ಬೇಕು.

ರೈಫಲನ್ನೂ ತೋಟಾವನ್ನೂ ಜೊತೆಯಾಗಿ ನೋಡಿದ ಸೇನೆಗಳ ಉದಾಹರಣೆ ಇಲ್ಲಿ ಉಪಯುಕ್ತ. ಸ್ವಿಟ್ಜರ್ಲೆಂಡಿನ 1931ರ ಮಾದರಿಯ ರೈಫಲು 1911ರ 174 ಗ್ರೇನ್ ಗುಂಡಿನ ತೋಟಾಕ್ಕೆಂದೇ ರೂಪಿತವಾಗಿ, ನಿಖರತೆಗೆ ಇಂದಿಗೂ ಹೆಸರಾಗಿದೆ. ಸ್ವೀಡನ್ನಿನಲ್ಲಿ 1941ರ ಮಾದರಿಯ ಹೊಸ ಗುಂಡು ಬಂದಾಗ ಹಳೆಯ ಮೌಸರ್ ರೈಫಲುಗಳ ಹಿಂಬದಿಯ ಮರದ ಮೇಲೆ ಒಂದು ಹಿತ್ತಾಳೆಯ ಬಿಲ್ಲೆಯನ್ನು ಜೋಡಿಸಲಾಯಿತು. ಆ ನಳಿಕೆಯ ಒಳ ಅಳತೆ, ಅದರ ಸ್ಥಿತಿ ಮತ್ತು ಹೊಸ ಗುಂಡಿಗೆ ಗುರಿಯನ್ನು ಎಷ್ಟು ಸರಿಪಡಿಸಬೇಕು ಎಂಬ ವಿವರಗಳು ಅದರಲ್ಲಿ ಇರುತ್ತಿದ್ದವು. ಪ್ರತಿಯೊಂದು ರೈಫಲನ್ನೂ ಪ್ರತ್ಯೇಕವಾಗಿ ಅಳೆಯಬೇಕೆಂಬುದನ್ನು ಆ ಸೇನೆ ಹೀಗೆ ಪಾಲಿಸಿತ್ತು. ಪರವಾನಗಿದಾರರು ತಮ್ಮ ರೈಫಲಿನ ಬಗ್ಗೆ ಇಂತಹುದೇ ಒಂದು ಟಿಪ್ಪಣಿಯನ್ನು ಕಾಗದದಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

4. ತೋಡಿನ ತಿರುವು ಮತ್ತು ಗುಂಡಿನ ಉದ್ದ

ಬುಗುರಿಯು ಸುತ್ತುತ್ತಿರುವವರೆಗೆ ನೆಟ್ಟಗೆ ನಿಲ್ಲುವಂತೆ, ಗುಂಡು ಸುತ್ತುತ್ತಾ ಹೋದರೆ ಮಾತ್ರ ಮೂತಿ ಮುಂದಾಗಿ ಸಾಗುತ್ತದೆ. ಎಷ್ಟು ದೂರಕ್ಕೆ ಒಂದು ಸುತ್ತು ಎಂಬುದನ್ನು ನಳಿಕೆಯ ತಿರುವು ಎನ್ನುತ್ತಾರೆ. ಗುಂಡು ಉದ್ದವಾದಷ್ಟೂ ಹೆಚ್ಚು ವೇಗದ ಸುತ್ತು ಬೇಕು. ಇಲ್ಲಿ ತೂಕಕ್ಕಿಂತ ಉದ್ದವೇ ಮುಖ್ಯ.

ಇದಕ್ಕೆ 1879ರಲ್ಲಿ ಜಾರ್ಜ್ ಗ್ರೀನ್‌ಹಿಲ್ ಎಂಬ ಗಣಿತಜ್ಞರು ಸುಲಭವಾದ ಸೂತ್ರವೊಂದನ್ನು ನೀಡಿದರು. ಗುಂಡಿನ ಉದ್ದವು ಅದರ ವ್ಯಾಸದ ಎಷ್ಟು ಪಟ್ಟು ಇದೆಯೋ ಆ ಸಂಖ್ಯೆಯಿಂದ 150ನ್ನು ಭಾಗಿಸಬೇಕು. ಬಂದ ಉತ್ತರವನ್ನು ವ್ಯಾಸದಿಂದ ಗುಣಿಸಿದರೆ ಬೇಕಾದ ತಿರುವು ಸಿಗುತ್ತದೆ. ಎಂ1903 ಮತ್ತು ಎಂ1917 ರೈಫಲುಗಳಲ್ಲಿ ತಿರುವು 10 ಅಂಗುಲಕ್ಕೆ ಒಂದು ಸುತ್ತು. ಈ ಸೂತ್ರವನ್ನು ಹಿಂದುಮುಂದಾಗಿ ಅನ್ವಯಿಸಿದರೆ ಇಂತಹ ನಳಿಕೆಯು ಸುಮಾರು 36 ಮಿ.ಮೀ. ಉದ್ದದ ಗುಂಡನ್ನು ಸಹ ಸ್ಥಿರವಾಗಿ ಸುತ್ತಿಸಬಲ್ಲದು ಎಂದು ತಿಳಿಯುತ್ತದೆ. ಆದುದರಿಂದ 150 ಗ್ರೇನಿನಿಂದ 180 ಗ್ರೇನಿನವರೆಗಿನ ಸಾಮಾನ್ಯ ಗುಂಡುಗಳಿಗೆ ಈ ರೈಫಲುಗಳ ತಿರುವು ಅಡ್ಡಿಯಾಗುವುದಿಲ್ಲ.

ಗುರಿಹಲಗೆಯಲ್ಲಿ ದುಂಡನೆಯ ರಂಧ್ರದ ಬದಲು ಉದ್ದನೆಯ ಅಥವಾ ಕೀಲಿಕಿಂಡಿಯಂತಹ ರಂಧ್ರ ಕಂಡುಬಂದಲ್ಲಿ ಗುಂಡು ಅಡ್ಡವಾಗಿ ಹೋಗುತ್ತಿದೆ ಎಂದು ತಿಳಿಯಬೇಕು. ತಿರುವು ಸಾಕಷ್ಟಿರುವ ನಳಿಕೆಯಲ್ಲಿಯೂ ಹೀಗಾದರೆ ಗುಂಡು ನಳಿಕೆಗಿಂತ ಸಣ್ಣದಾಗಿದೆ ಅಥವಾ ತೋಡುಗಳು ಸವೆದುಹೋಗಿವೆ ಎಂದು ಅರ್ಥ. ಅಂತಹ ರೈಫಲನ್ನು ಪರಿಶೀಲನೆಯಾಗುವವರೆಗೆ ಬಳಸಬಾರದು.

5. ಸವೆತ ಮತ್ತು ನಿಜವಾದ ಅಳತೆ

ಹಳೆಯ ನಳಿಕೆಯು ಮೂರು ಕಡೆ ಸವೆಯುತ್ತದೆ. ತೋಟಾ ಕೋಣೆಯ ಮುಂದಿನ ಭಾಗವು ಬಿಸಿ ಅನಿಲದಿಂದ ಸವೆಯುತ್ತದೆ. ಬಾಯಿಯ ಭಾಗವು ಲೋಹದ ಸಲಾಕೆಯಿಂದ ಹಲವು ವರ್ಷ ಉಜ್ಜಿ ಉಜ್ಜಿ ಸವೆಯುತ್ತದೆ. ನಡುವಿನ ಭಾಗವು ತುಕ್ಕಿನಿಂದ ಹಾಳಾಗುತ್ತದೆ. ಇವುಗಳಲ್ಲಿ ಬಾಯಿಯ ಸವೆತವು ನಿಖರತೆಗೆ ಬಹಳ ಹಾನಿಕರ. ಏಕೆಂದರೆ ಗುಂಡು ಕೊನೆಯದಾಗಿ ಸ್ಪರ್ಶಿಸುವುದು ಆ ಅಂಚನ್ನು.

ತುಕ್ಕಿಗೆ ಹಳೆಯ ಸೇನಾ ತೋಟಾಗಳೇ ಒಂದು ಮುಖ್ಯ ಕಾರಣ. ಎರಡನೆಯ ಮಹಾಯುದ್ಧದ ಕಾಲದ 30-06 ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಉರಿದಾಗ ಉಪ್ಪಿನಂತಹ ವಸ್ತು ನಳಿಕೆಯಲ್ಲಿ ಉಳಿಯುತ್ತದೆ. ಮಲೆನಾಡಿನ ಹಾಗೂ ಕರಾವಳಿಯ ತೇವದಲ್ಲಿ ಈ ಉಪ್ಪು ನೀರನ್ನು ಹೀರಿ ಒಂದೆರಡು ದಿನಗಳಲ್ಲಿಯೇ ಉಕ್ಕನ್ನು ತಿನ್ನತೊಡಗುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ. ಆದುದರಿಂದ ಎಣ್ಣೆ ಬಟ್ಟೆಯಿಂದ ಒರೆಸಿದರೆ ಸಾಲದು. ಮೊದಲು ನೀರಿನಿಂದ ತೊಳೆದು, ಪೂರ್ಣವಾಗಿ ಒಣಗಿಸಿ, ನಂತರ ಎಣ್ಣೆ ಸವರಬೇಕು.

ನಿಜವಾದ ಅಳತೆಯನ್ನು ತಿಳಿಯಲು ಪರವಾನಗಿ ಪಡೆದ ಬಂದೂಕು ದುರಸ್ತಿಗಾರರು ಮೆದುವಾದ ಸೀಸದ ತುಂಡೊಂದನ್ನು ಖಾಲಿ ನಳಿಕೆಯಲ್ಲಿ ಮೆಲ್ಲನೆ ತೂರಿಸಿ ಹೊರತೆಗೆದು, ಅದರ ಮೇಲೆ ಮೂಡಿದ ಅಚ್ಚನ್ನು ಮೈಕ್ರೋಮೀಟರಿನಿಂದ ಅಳೆಯುತ್ತಾರೆ. ಎಂ1917 ರೈಫಲಿನಲ್ಲಿ ಐದು ತೋಡುಗಳಿರುವುದರಿಂದ ಒಂದು ತೋಡಿನ ಎದುರಿಗೆ ಏಣು ಬರುತ್ತದೆ. ಆದುದರಿಂದ ಸಾಧಾರಣ ಮೈಕ್ರೋಮೀಟರಿನಿಂದ ಸರಿಯಾದ ಅಳತೆ ಸಿಗುವುದಿಲ್ಲ. ಬೆಸ ಸಂಖ್ಯೆಯ ತೋಡುಗಳಿಗಾಗಿ ಇರುವ ವಿಶೇಷ ಉಪಕರಣ ಬೇಕಾಗುತ್ತದೆ.

ಎಂ1917 ರೈಫಲು ಈ ವಿಷಯಕ್ಕೆ ಒಳ್ಳೆಯ ನಿದರ್ಶನ. ಅದು ಬ್ರಿಟಿಷರ .303 ರೈಫಲಿನ ವಿನ್ಯಾಸದಿಂದ ಬಂದುದು. ಅದರ ನಳಿಕೆಯ ತೋಡಿನ ಅಳತೆ .310 ಅಂಗುಲ. ಗುಂಡಿನ ವ್ಯಾಸ .308 ಅಂಗುಲ. ಹೊಸತಾಗಿದ್ದಾಗಲೇ ಎರಡು ಸಾವಿರಾಂಶ ಅಂಗುಲದಷ್ಟು ಸಡಿಲ ಇದ್ದ ನಳಿಕೆಯು ನೂರು ವರ್ಷಗಳ ನಂತರ ಇನ್ನಷ್ಟು ಸಡಿಲವಾಗಿರಬಹುದು. ಸಪಾಟು ಬುಡದ ಗುಂಡಾದರೆ ಅನಿಲದ ಒತ್ತಡಕ್ಕೆ ಬುಡವು ತುಸು ಅಗಲಿಸಿ ತೋಡನ್ನು ತುಂಬುತ್ತದೆ. ದೋಣಿಬಾಲದ ಗುಂಡಿನ ಬುಡ ಮೊದಲೇ ಕಿರಿದಾಗಿರುವುದರಿಂದ ಅನಿಲವು ಸುತ್ತಲಿಂದ ನುಸುಳುತ್ತದೆ, ಪೆಟ್ಟುಗಳು ಚದುರುತ್ತವೆ. ಆದುದರಿಂದ ದುಬಾರಿಯಾದ ದೋಣಿಬಾಲದ ಸ್ಪರ್ಧಾ ತೋಟಾಕ್ಕಿಂತ ಸಾಧಾರಣ ಸಪಾಟು ಬುಡದ ತೋಟಾ ಸವೆದ ನಳಿಕೆಗೆ ಹೆಚ್ಚು ಒಪ್ಪುವುದು ಅನೇಕ ವೇಳೆ ಕಂಡುಬರುತ್ತದೆ. ಬೆಲೆ ಹೆಚ್ಚಾದ ತೋಟಾ ಉತ್ತಮ ಎಂಬ ಭಾವನೆ ಇಲ್ಲಿ ಸಲ್ಲದು.

.315 ರೈಫಲಿಗೆ ಭಾರತೀಯ ಕಾರ್ಖಾನೆಗಳ ತೋಟಾದಲ್ಲಿ 244 ಗ್ರೇನ್ (15.8 ಗ್ರಾಂ) ತೂಕದ ಗುಂಡು ರೂಢಿಯಲ್ಲಿದೆ. ಇದು ಮೂಲ ಆಸ್ಟ್ರಿಯನ್ ಸೇನಾ ಗುಂಡಿನ ತೂಕವೇ ಆಗಿದೆ. ಆಯ್ಕೆ ಕಡಿಮೆ ಇರುವುದರಿಂದ ಈ ಬೋರಿನ ಪರವಾನಗಿದಾರರು ಒಂದೇ ತಯಾರಿಕಾ ತಂಡದ ಸಂಖ್ಯೆ ಇರುವ ಪೆಟ್ಟಿಗೆಗಳನ್ನು ಕೊಂಡು, ಅದಕ್ಕೆ ಗುರಿಪಟ್ಟಿಯನ್ನು ಹೊಂದಿಸಿಕೊಳ್ಳುವುದು ಸೂಕ್ತ.

6. ಪರೀಕ್ಷಿಸುವ ಕ್ರಮ

ಪರೀಕ್ಷೆಯನ್ನು ಅಧಿಕೃತ ಗುರಿ ಮೈದಾನದಲ್ಲಿ ಮಾತ್ರ ನಡೆಸಬೇಕು. 30-06 ಗುಂಡು ಮೂರು ಕಿಲೋಮೀಟರಿಗೂ ಹೆಚ್ಚು ದೂರ ಹೋಗಬಲ್ಲದು. ತೋಟದ ಬೇಲಿಯಾಚೆ ಏನಿದೆ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ತೋಟ, ಗದ್ದೆ, ಕೆರೆಯಂಗಳಗಳಲ್ಲಿ ಪರೀಕ್ಷೆ ನಡೆಸುವುದು ಜೀವಹಾನಿಗೆ ಕಾರಣವಾಗಬಹುದು.

ತೋಟಾವನ್ನು ದೂರುವ ಮೊದಲು ಮರವನ್ನು ನೋಡಬೇಕು. ಸೇನಾ ರೈಫಲಿನಲ್ಲಿ ನಳಿಕೆಯ ಬಹುಭಾಗವನ್ನು ಮರ ಆವರಿಸಿರುತ್ತದೆ. ಮಳೆಗಾಲದಲ್ಲಿ ಮರ ಉಬ್ಬಿ ನಳಿಕೆಯನ್ನು ಒಂದು ಬದಿಗೆ ಒತ್ತಿದರೆ ಅತ್ಯುತ್ತಮ ತೋಟಾ ಸಹ ಪ್ರಯೋಜನಕ್ಕೆ ಬಾರದು. ಜೋಡಣೆಯ ತಿರುಪುಗಳು ಬಿಗಿಯಾಗಿರಬೇಕು, ಗುರಿಪಟ್ಟಿ ಅಲುಗಾಡಬಾರದು, ನಳಿಕೆಯಲ್ಲಿ ಹಳೆಯ ತಾಮ್ರದ ಲೇಪ ಇರಬಾರದು.

ನಂತರ ಎರಡು ಅಥವಾ ಮೂರು ಬಗೆಯ ತೋಟಾಗಳನ್ನು ಆರಿಸಿ, ಆಧಾರದ ಮೇಲೆ ರೈಫಲನ್ನಿಟ್ಟು, 100 ಮೀಟರಿನಲ್ಲಿ ಒಂದೊಂದು ಬಗೆಯಲ್ಲಿ ಐದೈದು ಗುಂಡುಗಳನ್ನು ಬೇರೆ ಬೇರೆ ಹಾಳೆಗಳ ಮೇಲೆ ಹಾರಿಸಬೇಕು. ಪ್ರತಿ ಸರದಿಯ ನಡುವೆ ನಳಿಕೆ ತಣಿಯಲು ಬಿಡಬೇಕು. ಗುರಿಯ ಕೇಂದ್ರಕ್ಕೆ ಎಷ್ಟು ಹತ್ತಿರ ಎಂಬುದನ್ನು ಈ ಹಂತದಲ್ಲಿ ನೋಡಬಾರದು. ಐದು ರಂಧ್ರಗಳು ಎಷ್ಟು ಒತ್ತಾಗಿವೆ ಎಂಬುದನ್ನಷ್ಟೇ ಅಳೆಯಬೇಕು. ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗವಾದ ಒಂದು ಮಿನಿಟು ಕೋನವು 100 ಮೀಟರಿನಲ್ಲಿ ಸುಮಾರು 29 ಮಿ.ಮೀ. ಆಗುತ್ತದೆ. ಸುಸ್ಥಿತಿಯ ಹಳೆಯ ಸೇನಾ ರೈಫಲು ತನ್ನ ಲೋಹದ ಗುರಿಪಟ್ಟಿಯಿಂದ ಮೂರು ನಾಲ್ಕು ಮಿನಿಟಿನೊಳಗೆ, ಅಂದರೆ ಸುಮಾರು 9ರಿಂದ 12 ಸೆಂ.ಮೀ. ಒಳಗೆ ಐದು ಪೆಟ್ಟುಗಳನ್ನು ಕೂರಿಸಿದರೆ ತೃಪ್ತಿಕರವೆಂದು ತಿಳಿಯಬಹುದು. ಎರಡು ಮಿನಿಟಿನ ಹೊಂದಾಣಿಕೆ ದೊರೆತರೆ ಆ ತೋಟಾದ ತಯಾರಕರು, ಗುಂಡಿನ ತೂಕ ಮತ್ತು ತಯಾರಿಕಾ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಒಂದು ಬಾರಿಗೆ ಒಂದೇ ಅಂಶವನ್ನು ಬದಲಿಸಬೇಕು. ತೋಟಾವನ್ನೂ ಗುರಿಪಟ್ಟಿಯನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯಲಾಗದು.

7. ಕಡ್ಡಾಯವಾಗಿ ಪಾಲಿಸಬೇಕಾದ ಎಚ್ಚರಿಕೆಗಳು

(ಅ) ಬಹಳ ಕಾಲ ಬಳಸದೆ ಇದ್ದ ರೈಫಲನ್ನು ಹಾರಿಸುವ ಮೊದಲು ಅದರ ಹೆಡ್‌ಸ್ಪೇಸ್ ಪರೀಕ್ಷೆ ಮಾಡಿಸಬೇಕು. ಬೋಲ್ಟಿನ ಮುಖದಿಂದ ತೋಟಾ ತಂಗುವ ಸ್ಥಾನದವರೆಗಿನ ಅಂತರಕ್ಕೆ ಈ ಹೆಸರು. .315 ತೋಟಾ ತನ್ನ ಬುಡದ ಅಂಚಿನ ಮೇಲೆ, 30-06 ತೋಟಾ ತನ್ನ ಭುಜದ ಮೇಲೆ ತಂಗುತ್ತದೆ. ಈ ಅಂತರ ಹೆಚ್ಚಾದರೆ ಕೋಶ ಹರಿದು ಬಿಸಿ ಅನಿಲವು ಮುಖದ ಕಡೆಗೆ ನುಗ್ಗುತ್ತದೆ.

(ಆ) 7.62×51 ಸೇನಾ ತೋಟಾ ಮತ್ತು 30-06 ತೋಟಾಗಳ ಗುಂಡಿನ ವ್ಯಾಸ ಒಂದೇ ಆದರೂ ಕೋಶದ ಉದ್ದ ಕ್ರಮವಾಗಿ 51 ಮತ್ತು 63 ಮಿ.ಮೀ. ಒಂದರ ಬದಲು ಇನ್ನೊಂದನ್ನು ಬಳಸುವುದು ಅಪಾಯಕಾರಿ; ಜೊತೆಗೆ ಮೊದಲನೆಯದನ್ನು ಹೊಂದಿರುವುದೇ ಅಪರಾಧ.

(ಇ) ಎಂ1903 ರೈಫಲುಗಳಲ್ಲಿ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದ 8,00,000ಕ್ಕಿಂತ ಕಡಿಮೆ ಮತ್ತು ರಾಕ್ ಐಲೆಂಡ್ ಶಸ್ತ್ರಾಗಾರದ 2,85,507ಕ್ಕಿಂತ ಕಡಿಮೆ ಕ್ರಮಸಂಖ್ಯೆಯವುಗಳ ಉಕ್ಕನ್ನು ಹದಗೊಳಿಸುವಾಗ ಅತಿಯಾಗಿ ಕಾಯಿಸಿದ್ದರಿಂದ ಕೆಲವು ಚೌಕಟ್ಟುಗಳು ಪೆಡಸಾಗಿ ಒಡೆದಿದ್ದವು. ಇಂತಹ ಕ್ರಮಸಂಖ್ಯೆಯ ರೈಫಲಿಗೆ ಯಾವ ತೋಟಾವೂ ತಕ್ಕುದಲ್ಲ. ಅದನ್ನು ಹಾರಿಸದೆ ಸ್ಮರಣಿಕೆಯಾಗಿ ಇಡುವುದೇ ಸರಿ. ಕ್ರಮಸಂಖ್ಯೆಯು ಪರವಾನಗಿಯಲ್ಲಿ ನಮೂದಾಗಿರುತ್ತದೆ.

(ಈ) ಹಸಿರುಗಟ್ಟಿದ, ಬಿರುಕುಬಿಟ್ಟ ಅಥವಾ ಗುಂಡು ಸಡಿಲವಾದ ಹಳೆಯ ತೋಟಾಗಳನ್ನು ಬಳಸಬಾರದು. ಕುದುರೆ ಎಳೆದ ನಂತರ ತೋಟಾ ಸಿಡಿಯದಿದ್ದಲ್ಲಿ ಕನಿಷ್ಠ ಒಂದು ನಿಮಿಷ ನಳಿಕೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದಿದ್ದು ಆಮೇಲೆ ಬೋಲ್ಟ್ ತೆಗೆಯಬೇಕು. ಸದ್ದು ಕ್ಷೀಣವಾಗಿ ಬಂದಲ್ಲಿ ಗುಂಡು ನಳಿಕೆಯಲ್ಲಿಯೇ ಸಿಕ್ಕಿರಬಹುದು. ನಳಿಕೆಯನ್ನು ನೋಡದೆ ಮುಂದಿನ ತೋಟಾ ಹಾಕಬಾರದು.

(ಉ) ಅನುಮತಿ ಇಲ್ಲದೆ ತೋಟಾಗಳನ್ನು ಬಿಚ್ಚಿ ಮದ್ದು ತುಂಬುವುದು, ಕೋಣೆಯನ್ನು ಕೊರೆಸಿ ಬೋರ್ ಬದಲಿಸುವುದು, ನಳಿಕೆಯನ್ನು ಕತ್ತರಿಸುವುದು ಶಿಕ್ಷಾರ್ಹ.

8. ಸೇವೆ ಕೋರಿ ಅರ್ಜಿ ಸಲ್ಲಿಸುವವರಿಗೆ

ಪರವಾನಗಿಯಲ್ಲಿ ಆಯುಧದ ಬೋರ್ ಮತ್ತು ಕ್ರಮಸಂಖ್ಯೆಯ ಜೊತೆಗೆ, ಒಂದು ಸಮಯದಲ್ಲಿ ಹೊಂದಬಹುದಾದ ಹಾಗೂ ವರ್ಷವೊಂದರಲ್ಲಿ ಕೊಳ್ಳಬಹುದಾದ ತೋಟಾಗಳ ಸಂಖ್ಯೆಯೂ ನಮೂದಾಗಿರುತ್ತದೆ. ಹೊಂದಾಣಿಕೆಯ ಪರೀಕ್ಷೆಗಾಗಿ ತೋಟಾ ಕೊಳ್ಳುವವರು ಈ ಮಿತಿಯೊಳಗೇ ಯೋಜಿಸಿಕೊಳ್ಳಬೇಕು. ಮೂರು ಬಗೆಯ ತೋಟಾಗಳಿಂದ ಐದೈದರಂತೆ ಹದಿನೈದು ಸುತ್ತುಗಳು ಮೊದಲ ಪರೀಕ್ಷೆಗೆ ಸಾಕಾಗುತ್ತವೆ. ಮಿತಿಯನ್ನು ಹೆಚ್ಚಿಸಲು ಅಥವಾ ನಳಿಕೆ ಬದಲಿಸಲು ಅರ್ಜಿ ಸಲ್ಲಿಸುವ ಮುನ್ನ ಮೇಲಿನ ಪರೀಕ್ಷೆಯನ್ನು ಮಾಡಿಸಿದಲ್ಲಿ ಅನೇಕ ವೇಳೆ ಅರ್ಜಿಯ ಅಗತ್ಯವೇ ಬೀಳದು.

ಪರವಾನಗಿಯಲ್ಲಿ ಬರೆದಿರುವ ಬೋರ್ ಮತ್ತು ನಳಿಕೆಯ ಮೇಲಿನ ಗುರುತು ಒಂದಕ್ಕೊಂದು ಹೊಂದದಿದ್ದಲ್ಲಿ ತೋಟಾ ಕೊಳ್ಳದೆ, ಆಯುಧ ಹಾಗೂ ಪರವಾನಗಿಯೊಂದಿಗೆ ಪರವಾನಗಿ ಪ್ರಾಧಿಕಾರವನ್ನು ಸಂಪರ್ಕಿಸಿ ತಿದ್ದುಪಡಿ ಕೋರಬೇಕು. ಹಿರಿಯರ ನಿಧನದ ನಂತರ ಮನೆಯಲ್ಲಿ ಉಳಿದ ರೈಫಲನ್ನು ಹಾಗೆಯೇ ಇಟ್ಟುಕೊಳ್ಳುವಂತಿಲ್ಲ. ಅದನ್ನು ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಟ್ಟು, ವಾರಸುದಾರರು ತಮ್ಮ ಹೆಸರಿಗೆ ಅರ್ಜಿ ಸಲ್ಲಿಸಬೇಕು. ಅದರ ಜೊತೆಗಿದ್ದ ಹಳೆಯ ತೋಟಾಗಳನ್ನೂ ಒಪ್ಪಿಸಬೇಕು. 2019ರ ತಿದ್ದುಪಡಿಯ ನಂತರ, ವಾರಸಿನಿಂದ ಬಂದುದೂ ಸೇರಿ ಒಬ್ಬರು ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಆಯುಧಗಳನ್ನು ಹೊಂದುವಂತಿಲ್ಲ. ಅದೇ ತಿದ್ದುಪಡಿಯ ಪ್ರಕಾರ ಸಂಭ್ರಮಾಚರಣೆಯಲ್ಲಿ ಅಜಾಗರೂಕತೆಯಿಂದ ಗುಂಡು ಹಾರಿಸಿ ಇತರರ ಸುರಕ್ಷತೆಗೆ ಧಕ್ಕೆ ತಂದರೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

ಮುಕ್ತಾಯ

ಹಳೆಯ ರೈಫಲು ತನಗೆ ಯಾವ ಗುಂಡು ಒಪ್ಪುತ್ತದೆಂಬುದನ್ನು ತನ್ನ ಹೆಸರಿನಿಂದ ಹೇಳುವುದಿಲ್ಲ. ಅಳತೆಯಿಂದ ಮತ್ತು ಗುರಿಹಲಗೆಯ ಮೇಲಿನ ರಂಧ್ರಗಳಿಂದ ಹೇಳುತ್ತದೆ. ಮೊದಲು ಪರವಾನಗಿಯನ್ನು ನೋಡುವುದು, ನಂತರ ನಳಿಕೆಯನ್ನು ಅಳೆಸುವುದು, ಆಮೇಲೆ ಮೂಲ ಸೇನಾ ಗುಂಡಿಗೆ ಸಮೀಪವಾದ ತೂಕ ಮತ್ತು ಆಕಾರದ ತೋಟಾವನ್ನು ಆರಿಸಿ ಅಧಿಕೃತ ಮೈದಾನದಲ್ಲಿ ಪರೀಕ್ಷಿಸುವುದು: ಈ ಕ್ರಮವನ್ನು ಪಾಲಿಸಿದಲ್ಲಿ ಹಿರಿಯರಿಂದ ಬಂದ ಆಯುಧವು ನಿಖರವಾಗಿಯೂ ನಿರಪಾಯವಾಗಿಯೂ ಉಳಿಯುತ್ತದೆ. ಅಳತೆಯ ವರದಿಯನ್ನು ಪರವಾನಗಿಯ ಪ್ರತಿಯೊಂದಿಗೆ ಜೋಪಾನವಾಗಿ ಇಟ್ಟಲ್ಲಿ ಮುಂದಿನ ವಾರಸುದಾರರಿಗೂ ಅದು ನೆರವಾಗುತ್ತದೆ.